ಸಿಂಪಿಯ ಮರಿಯನ್ನು ಹೊತ್ತು ತಿರುಗುವ ಮೀನು ಯಾವುದು?

ಬೇಸಗೆಯಲ್ಲಿ ಗುಳಂಬಕ್ಕೆಂದು ಮಾವಿನಕಾಯಿ ಮನೆಗೆ ಬಂದರೆ ನಮ್ಮ ಅವ್ವ ಮೊದಲು ಕೇಳುತ್ತಿದ್ದದ್ದು, "ಸಿಂಪಿ ಎಲ್ಲೈತಿ ನೋಡು" ಎಂದು. ಹೊಳೆಯಿಂದ ಆರಿಸಿ ತಂದ ಕಪ್ಪೆಚಿಪ್ಪು ಅದು. ಅದರ ಉಬ್ಬಿದ ಬೆನ್ನನ್ನು ಒರಟು ಕಲ್ಲಿನ ಮೇಲೆ ನೀರು ಚಿಮುಕಿಸಿ ತಿಕ್ಕುತ್ತ ಹೋದರೆ ನಡುವೆ ಒಂದು ತೂತು ಬೀಳುತ್ತದೆ. ಆ ತೂತಿನ ಅಂಚು ಎಷ್ಟು ಹರಿತವೆಂದರೆ, ಮಾವಿನಕಾಯಿಯ ಸಿಪ್ಪೆ ಸುರುಳಿಸುರುಳಿಯಾಗಿ ಎದ್ದು ಬರುತ್ತದೆ. ತೂತಿಲ್ಲದ ಇನ್ನೊಂದು ಸಿಂಪಿ ಹಾಲಿನ ಗಡಿಗೆಯ ಪಕ್ಕದಲ್ಲಿರುತ್ತಿತ್ತು, ತಳ ಹಿಡಿದ ಕೆನೆಯನ್ನು ಕೆರೆಯಲು. ಸಿಂಪಿ ಸವೆದರೆ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಘಟಪ್ರಭೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಲ ಬೆರಳಿನಿಂದ ಉಸುಕು ಕೆದಕಿದರೆ ಇನ್ನೊಂದು ಸಿಗುತ್ತಿತ್ತು.

ಹೋದ ಬೇಸಗೆಯಲ್ಲಿ ಗೋಕಾಕದಿಂದ ಕೆಳಗೆ, ಮೂಡಲಗಿ ತಾಲ್ಲೂಕಿನ ಸುಣಧೋಳಿಯ ಕಡೆಗೆ, ದಂಡೆ ಹಿಡಿದು ಒಂದು ಬೆಳಗು ಪೂರ್ತಿ ನಡೆದೆ. ಸಿಂಪಿಗಳು ಸಿಕ್ಕವು. ಎಲ್ಲವೂ ಖಾಲಿ; ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾಗಿ, ಅಂಚು ಮುರಿದು, ಮುಟ್ಟಿದರೆ ಪದರು ಏಳುವಂಥವು. ಬಾಯಿ ಬಿಗಿದು ಮುಚ್ಚಿಕೊಂಡ, ಕೈಯಲ್ಲಿ ಹಿಡಿದರೆ ಭಾರ ಅನ್ನಿಸುವ ಒಂದೇ ಒಂದು ಜೀವಂತ ಸಿಂಪಿ ಅಂದು ನನಗೆ ಸಿಗಲಿಲ್ಲ.

ಅಲ್ಲಿ ಸಿಂಪಿ ಮುಗಿದೇ ಹೋಯಿತು ಎಂದು ಹೇಳಲು ನಾನು ಬಂದಿಲ್ಲ. ಒಬ್ಬ ಮನುಷ್ಯ ಒಂದು ಬೆಳಗು ಹುಡುಕಿದರೆ ಹೊಳೆಯ ಸುದ್ದಿ ತಿಳಿಯುವುದಿಲ್ಲ. ಖಾಲಿ ಚಿಪ್ಪು ಹೇಳುವುದು ಇಷ್ಟೇ: ಇಲ್ಲಿ ಎಂದೋ ಒಂದು ಜೀವ ಇತ್ತು. ಅದು ಸತ್ತದ್ದು ಹೋದ ವರ್ಷವೋ ನಮ್ಮಜ್ಜನ ಕಾಲದಲ್ಲೋ, ಅದರ ವಂಶ ಮಡುವಿನ ಆಳದಲ್ಲಿ ಉಳಿದಿದೆಯೋ ಇಲ್ಲವೋ, ಚಿಪ್ಪು ಹೇಳಲಾರದು. ಹೇಳಬೇಕಾದವರು ನಾವು, ಹುಡುಕಿ, ಎಣಿಸಿ, ಬರೆದಿಟ್ಟು. ಆ ಕೆಲಸ ಎಲ್ಲಿಂದ ಆರಂಭವಾಗಬೇಕು ಎಂಬುದು ಇಂದಿನ ನನ್ನ ಮಾತು.

ಕಪ್ಪೆಚಿಪ್ಪು ಎಂಬ ಹೆಸರಿದ್ದರೂ ಇದಕ್ಕೂ ಕಪ್ಪೆಗೂ ಯಾವ ನಂಟೂ ಇಲ್ಲ. ಎರಡು ಚಿಪ್ಪಿನ ನಡುವೆ ಇರುವುದು ಮೆತ್ತನೆಯ ಒಂದು ಪ್ರಾಣಿ. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ. ನಾಲಿಗೆಯಂಥ ಒಂದು ಪಾದವಿದೆ. ಅದನ್ನು ಹೊರಚಾಚಿ ಉಸುಕಿನಲ್ಲಿ ಅರ್ಧ ಹೂತುಕೊಂಡು ನಿಲ್ಲುತ್ತದೆ. ಹಿಂಬದಿಯ ಒಂದು ಕಿಂಡಿಯಿಂದ ನೀರು ಒಳಗೆಳೆದುಕೊಂಡು, ಕಿವಿರಿನಲ್ಲಿ ಸೋಸಿ, ಪಾಚಿ ಮತ್ತು ಕಣ್ಣಿಗೆ ಕಾಣದ ಜೀವಾಣುಗಳನ್ನು ಉಂಡು, ಇನ್ನೊಂದು ಕಿಂಡಿಯಿಂದ ತಿಳಿನೀರು ಬಿಡುತ್ತದೆ. ಬೆಳೆದ ಸಿಂಪಿಯೊಂದು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಒಂದು ಮಡುವಿನಲ್ಲಿ ಸಾವಿರ ಸಿಂಪಿಗಳಿದ್ದರೆ ಲೆಕ್ಕ ನೀವೇ ಹಾಕಿ. ನಮ್ಮ ಕಡೆಯ ಹೊಳೆ, ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಸಿಂಪಿಯ ಶಾಸ್ತ್ರೀಯ ಹೆಸರು ಲಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್. ಫ್ರಾನ್ಸಿನ ಲಾಮಾರ್ಕ್ ಅದನ್ನು 1819ರಲ್ಲಿ ಹೆಸರಿಸಿದ. ಅದಕ್ಕಿಂತ ಚಿಕ್ಕದಾದ, ದುಂಡಗಿನ, ಮೈಮೇಲೆ ಸುಕ್ಕುಸುಕ್ಕು ಗೆರೆಗಳಿರುವುದು ಪ್ಯಾರೇಸಿಯಾ ಕೊರುಗೇಟಾ.

ಇನ್ನು ಇದರ ಸಂತಾನದ ಕಥೆ. ಸ್ವಾತಿ ಮಳೆಯ ಹನಿ ಸಿಂಪಿಯ ಬಾಯಿಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಚೆಲುವಾದ ನಂಬಿಕೆ. ಸಿಂಪಿಯ ನಿಜವಾದ ಬದುಕು ಅದಕ್ಕಿಂತಲೂ ಸೋಜಿಗದ್ದು. ತಾಯಿ ಸಿಂಪಿ ತನ್ನ ಮರಿಗಳನ್ನು ಕಿವಿರಿನೊಳಗೇ ಹೊತ್ತುಕೊಂಡಿರುತ್ತದೆ, ಸಾವಿರಗಟ್ಟಲೆ. ಒಂದೊಂದೂ ಸಾಸಿವೆಯ ಕಾಳಿಗಿಂತ ಬಹಳ ಚಿಕ್ಕದು, ಎರಡು ಪುಟ್ಟ ಕವಾಟಗಳ ಒಂದು ಚಿಮಟಿಗೆಯಂತೆ. ತಾಯಿ ಅವನ್ನು ನೀರಿಗೆ ಬಿಟ್ಟ ಮೇಲೆ ಅವು ತಮ್ಮಷ್ಟಕ್ಕೆ ಬದುಕಲಾರವು. ಹಾದುಹೋಗುವ ಮೀನೊಂದರ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಳ್ಳಬೇಕು. ಮೀನಿನ ಚರ್ಮ ಅವುಗಳ ಮೇಲೆ ಹಬ್ಬಿ ಗೂಡು ಕಟ್ಟುತ್ತದೆ. ಆ ಗೂಡಿನಲ್ಲಿ ಕೆಲವು ದಿನ, ಕೆಲವು ಜಾತಿಯಲ್ಲಿ ಕೆಲವು ವಾರ, ಬೆಳೆದು ರೂಪ ಬದಲಿಸಿ, ಪುಟ್ಟ ಸಿಂಪಿಯಾಗಿ ಕಳಚಿ, ಆ ಹೊತ್ತಿಗೆ ಮೀನು ಎಲ್ಲಿರುತ್ತದೋ ಅಲ್ಲಿಯ ಉಸುಕಿಗೆ ಇಳಿಯುತ್ತದೆ. ಕಾಲಿಲ್ಲದ ಪ್ರಾಣಿ ಹೊಳೆಯ ಮೇಲ್ಗಡೆಗೆ ಹೋಗುವುದು ಹೀಗೆ, ಮೀನಿನ ಹೆಗಲೇರಿ.

ಇದು ತಿಳಿಯಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ 1695ರಲ್ಲೇ ಈ ಮರಿಗಳನ್ನು ತಾಯಿಯೊಳಗೆ ಕಂಡಿದ್ದ. ನೂರು ವರ್ಷದ ನಂತರ, 1797ರಲ್ಲಿ, ರಾಟ್ಕೆ ಎಂಬ ವಿದ್ವಾಂಸ ಇವು ಮರಿಗಳಲ್ಲ, ಸಿಂಪಿಗೆ ಹತ್ತಿದ ಪರೋಪಜೀವಿಗಳು ಎಂದು ಬರೆದು ಗ್ಲೊಕಿಡಿಯಂ ಎಂದು ಹೆಸರಿಟ್ಟ. ಆ ಹೆಸರು ಇಂದಿಗೂ ಮರಿಗಳಿಗೆ ಅಂಟಿಕೊಂಡಿದೆ. ಮೀನಿನ ಮೈಮೇಲೆ ಇವನ್ನು ಗುರುತಿಸಿದ್ದು 1866ರಲ್ಲಿ, ಜರ್ಮನಿಯ ಲೈಡಿಗ್.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಎಲ್ಲ ಸಿಂಪಿಗೂ ಎಲ್ಲ ಮೀನು ಆಗಿಬರುವುದಿಲ್ಲ. ಹೊಂದದ ಮೀನಿನ ಮೈ ಮರಿಗಳನ್ನು ಕೆಲವೇ ದಿನಗಳಲ್ಲಿ ಉದುರಿಸಿಬಿಡುತ್ತದೆ. ಯುರೋಪಿನ ಮುತ್ತಿನ ಸಿಂಪಿಗೆ ಸಾಲ್ಮನ್ ಮತ್ತು ಟ್ರೌಟ್ ಜಾತಿಯ ಮೀನೇ ಬೇಕು. ಅಮೆರಿಕದ ಕೆಲವು ಸಿಂಪಿಗಳು ತಮ್ಮ ಮೈಯ ಅಂಚನ್ನೇ ಸಣ್ಣ ಮೀನಿನಂತೆ ಆಡಿಸಿ, ಅದನ್ನು ತಿನ್ನಲು ಬಂದ ದೊಡ್ಡ ಮೀನಿನ ಬಾಯಿಗೆ ಮರಿಗಳನ್ನು ಎರಚುತ್ತವೆ. ಹಾಗಾದರೆ ಘಟಪ್ರಭೆಯ ಸಿಂಪಿಗೆ ಹೆಗಲು ಕೊಡುವ ಮೀನು ಯಾವುದು? ಕೊರವವೋ, ಗಿರಲೋ, ಬಾಳೆಯೋ, ಗುಂಪುಗುಂಪಾಗಿ ತಿರುಗುವ ಸಣ್ಣ ಪಕ್ಕೆಗಳೋ? ನಮ್ಮ ದೇಶದ ಬಹುಪಾಲು ಸಿಂಪಿಗಳ ವಿಷಯದಲ್ಲಿ ಈ ಒಂದು ಸಾಲು ಇನ್ನೂ ಬರೆಯದೇ ಉಳಿದಿದೆ. ಈ ಸಾಲು ಬರೆಯದೆ ಸಿಂಪಿಯನ್ನು ಉಳಿಸುತ್ತೇವೆ ಎಂದು ಹೊರಡುವುದು, ಗಂಟಲು ಕಟ್ಟಿದ ಕೂಸಿಗೆ ಹೊಟ್ಟೆಯ ಔಷಧ ಕೊಟ್ಟ ಹಾಗೆ. ಜಲಾಶಯಗಳಿಗೆ ವರ್ಷವರ್ಷ ಬಿಡುವ ಕಾಟ್ಲಾ, ರೋಹು ಗಂಗೆಯ ಬಯಲಿನಿಂದ ಬಂದ ಮೀನುಗಳು. ಜಿಲೇಬಿ ಎಂದು ನಮ್ಮವರು ಕರೆಯುವ ತಿಲಾಪಿಯಾ ಬಂದದ್ದು ಆಫ್ರಿಕಾದಿಂದ. ಹೊಳೆಯಲ್ಲಿ ಮೀನು ತುಂಬಿದ್ದರೂ ಅವು ನಮ್ಮ ಸಿಂಪಿಯ ಮರಿಗೆ ಆಗದ ಮೀನುಗಳಾಗಿದ್ದರೆ, ಸಿಂಪಿಯ ಪಾಲಿಗೆ ಹೊಳೆ ಬರಿದೇ.

ಪರೀಕ್ಷೆ ಅಂಥ ದೊಡ್ಡ ಖರ್ಚಿನದಲ್ಲ. ಬಸಿರು ಸಿಂಪಿಯ ಮರಿಗಳನ್ನು ತೆಗೆದು, ಬೇರೆ ಬೇರೆ ಜಾತಿಯ ಮೀನುಗಳಿರುವ ತೊಟ್ಟಿಗಳಿಗೆ ಬಿಟ್ಟು, ತಳದ ನೀರನ್ನು ಪ್ರತಿದಿನ ಸೋಸಿ ನೋಡಬೇಕು. ಸತ್ತು ಉದುರಿದ ಮರಿಗಳೆಷ್ಟು, ಪಾದ ಚಾಚಿ ನಡೆಯುವ ಎಳೆಯ ಸಿಂಪಿಗಳೆಷ್ಟು? ಎರಡನೆಯದು ಕಂಡ ತೊಟ್ಟಿಯ ಮೀನೇ ನಮಗೆ ಬೇಕಾದ ಮೀನು. ತೊಟ್ಟಿ, ಸೋಸುವ ಬಟ್ಟೆ, ಸೂಕ್ಷ್ಮದರ್ಶಕ, ತಾಳ್ಮೆ. ಸಂಕೇಶ್ವರ, ಹುಕ್ಕೇರಿ, ಗೋಕಾಕದ ಕಾಲೇಜುಗಳ ಪ್ರಾಣಿಶಾಸ್ತ್ರದ ಮಕ್ಕಳು ಮಾಡಬಹುದಾದ ಕೆಲಸ.

ಗೋಕಾಕಕ್ಕೆ ಇನ್ನೊಂದು ಭಾಗ್ಯವಿದೆ. ಘಟಪ್ರಭೆ ಅಲ್ಲಿ 52 ಮೀಟರ್ ಎತ್ತರದ ಬಂಡೆಯಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ತೂಗುಸೇತುವೆಯ ಮೇಲೆ ನಿಂತು ಆ ಕೆಂಪು ನೀರನ್ನು ನೋಡಿದವರು ಬಹಳ ಮಂದಿ. ನಾನೂ ನಿಂತಿದ್ದೇನೆ, ಮೈ ಜುಮ್ಮೆಂದಿದೆ. ಸಿಂಪಿಯ ಲೆಕ್ಕದಲ್ಲಿ ಆ ಜಲಪಾತ ಒಂದು ಬಾಗಿಲು, ಒಂದೇ ಕಡೆಗೆ ತೆರೆಯುವ ಬಾಗಿಲು. ಮೇಲಿನ ಮೀನು ಕೆಳಗೆ ಬಿದ್ದೀತು, ಕೆಳಗಿನದು ಮೇಲೆ ಹತ್ತಲಾರದು. ಅಂದರೆ ಕೆಳಗಿನ ಸಿಂಪಿಯ ಮರಿಯೂ ಮೇಲೆ ಹೋಗಲಾರದು. ಎಷ್ಟು ಸಾವಿರ ವರ್ಷಗಳಿಂದ ಈ ಅಗಲಿಕೆ ನಡೆದಿದೆಯೋ! ಜಲಪಾತದ ಮೇಲಿನ ಧೂಪದಾಳದ ಸಿಂಪಿ, ಕೆಳಗಿನ ಮೂಡಲಗಿಯ ಸಿಂಪಿ ನೋಡಲು ಒಂದೇ ಥರ ಇರಬಹುದು. ಆದರೆ ಅವುಗಳ ಡಿಎನ್‌ಎ ಏನು ಹೇಳುತ್ತದೆ? ಒಂದೇ ಮನೆತನವೋ, ಬೇರಾದ ದಾಯಾದಿಗಳೋ?

ಈ ಪ್ರಶ್ನೆ ಕುತೂಹಲಕ್ಕೆ ಮಾತ್ರ ಕೇಳಿದ್ದಲ್ಲ. ದೇವರು ಕಟ್ಟಿದ ಆ ಜಲಪಾತದ ಮೇಲ್ಗಡೆ ಮನುಷ್ಯರು ಇನ್ನೆರಡು ತಡೆ ಕಟ್ಟಿದ್ದಾರೆ. ಧೂಪದಾಳದ ಒಡ್ಡು ಮುಗಿದದ್ದು 1897ರಲ್ಲಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ಮುಗಿದದ್ದು 1977ರಲ್ಲಿ, 51 ಟಿಎಂಸಿ ನೀರಿನದು. ಕೆಳಗೆ ಸಾಲು ಸಾಲು ಬಾಂದಾರಗಳು. ಈ ನೀರಿನಿಂದಲೇ ನಮ್ಮ ಕಬ್ಬು, ಗೋವಿನಜೋಳ ಬೆಳೆದವು, ನಮ್ಮ ಮಕ್ಕಳು ಓದಿದರು. ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಪ್ರತಿ ಒಡ್ಡೂ ಹೊಳೆಯನ್ನು ತುಂಡು ಮಾಡುತ್ತದೆ. ಒಂದು ತುಂಡಿನಲ್ಲಿ ಸಿಂಪಿ ಉಳಿದು ಮೀನು ಅಳಿದರೆ, ಆ ಸಿಂಪಿ ಮಕ್ಕಳಿಲ್ಲದೆ ಮುದುಕಿಯಾಗುತ್ತದೆ. ಒಡ್ಡು ಬಿದ್ದು ನೂರಿಪ್ಪತ್ತೈದು ವರ್ಷ ದಾಟಿದ ತುಂಡು, ಐವತ್ತು ವರ್ಷವಾಗುತ್ತ ಬಂದ ತುಂಡು, ಸಾವಿರಾರು ವರ್ಷದಿಂದ ಬೇರೆಯಾದ ತುಂಡು, ಮೂರೂ ಒಂದೇ ಹೊಳೆಯಲ್ಲಿ, ಒಂದು ದಿನದ ಬಸ್ ಪ್ರಯಾಣದೊಳಗೆ ಸಿಗುತ್ತವೆ. ಇಂಥ ಪ್ರಯೋಗಶಾಲೆಯನ್ನು ಕಟ್ಟಬೇಕೆಂದರೂ ಕಟ್ಟಲಾಗದು. ಗೋಕಾಕದವರು ಕರದಂಟಿನಷ್ಟೇ ಇದರ ಬಗ್ಗೆಯೂ ಹೆಮ್ಮೆಪಡಬೇಕು ಎಂದು ನನ್ನ ಆಸೆ.

ಮುದುಕ ಸಿಂಪಿಗಳೇ ತುಂಬಿದ ಹೊಳೆ ನೋಡುವವರಿಗೆ ಮೋಸ ಮಾಡುತ್ತದೆ. ಯುರೋಪಿನ ಮುತ್ತಿನ ಸಿಂಪಿ ನೂರು ವರ್ಷ ದಾಟಿ ಬದುಕುತ್ತದೆ. ಅಲ್ಲಿಯ ಎಷ್ಟೋ ತೊರೆಗಳಲ್ಲಿ ಸಿಂಪಿಗಳಿವೆ, ಎಳೆಯವು ಮಾತ್ರ ಇಲ್ಲ. ಎಣಿಸಿದವರು ಮೊದಮೊದಲು ಎಲ್ಲ ಸರಿಯಿದೆ ಎಂದೇ ತಿಳಿದಿದ್ದರು. ಆದ್ದರಿಂದ ನಮ್ಮ ಹೊಳೆಯಲ್ಲಿ ಎಷ್ಟು ಸಿಂಪಿ ಇವೆ ಎಂದು ಕೇಳಿದರೆ ಸಾಲದು, ಬೆರಳ ಉಗುರಿನಷ್ಟು ಚಿಕ್ಕವು ಎಷ್ಟಿವೆ ಎಂದು ಕೇಳಬೇಕು. ಚಿಪ್ಪಿನ ಮೇಲಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿ ವಯಸ್ಸು ಹೇಳುವ ಕ್ರಮ ಚಳಿದೇಶಗಳಲ್ಲಿದೆ, ಅಲ್ಲಿ ಚಳಿಗಾಲಕ್ಕೊಂದು ಗೆರೆ. ನಮ್ಮಲ್ಲಿ ಗೆರೆ ಬೀಳುವುದು ಹೊಳೆ ಬತ್ತಿದಾಗಲೋ, ಮಹಾಪೂರ ಬಂದಾಗಲೋ, ಕಾಲುವೆಗೆ ನೀರು ತಿರುಗಿಸಿದಾಗಲೋ? ಕೆಲವು ಸಿಂಪಿಗಳಿಗೆ ಗುರುತು ಹಾಕಿ, ಅಲ್ಲೇ ಬಿಟ್ಟು, ವರ್ಷವರ್ಷ ಹಿಡಿದು ಅಳೆದರೆ ಹೊರತು ಗೊತ್ತಾಗದು. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆಯ ಮೇಲೆ ನೀರು ಹರಿದು ಗೋಕಾಕ ಪಟ್ಟಣ ಮುಳುಗಿತಲ್ಲ, ಆ ಪೂರ ಸಿಂಪಿಯ ಮೈಮೇಲೆ ಬರೆದ ಗೆರೆ ಹೇಗಿರುತ್ತದೆ ಎಂದು ನನಗೆ ನೋಡಬೇಕೆನಿಸುತ್ತದೆ.

ಎಳೆಯ ಸಿಂಪಿ ಇರುವುದೆಲ್ಲಿ? ಮೀನಿನಿಂದ ಕಳಚಿದ ಮೇಲೆ ಮೊದಲ ಕೆಲವು ವರ್ಷ ಅದು ಉಸುಕಿನೊಳಗೇ ಹುದುಗಿರುತ್ತದೆ, ಹರಳು ಹರಳಿನ ನಡುವಿನ ಸಂದಿಯಲ್ಲಿ ಹರಿಯುವ ನೀರನ್ನು ಉಸಿರಾಡಿಕೊಂಡು. ಉಸುಕು ಎಂದರೆ ಅದಕ್ಕೆ ತೊಟ್ಟಿಲು. ನಮಗೆ ಉಸುಕು ಎಂದರೆ ಟ್ರ್ಯಾಕ್ಟರಿನ ಟ್ರಾಲಿ. ಹೊಳೆಯ ಒಡಲನ್ನು ಬಗೆದು ಉಸುಕೆತ್ತಿದ ಜಾಗದಲ್ಲಿ ಉಳಿಯುವುದು ಜಿಗಿ ಮಣ್ಣು. ಅದರಲ್ಲಿ ಸಂದಿಯಿಲ್ಲ, ಗಾಳಿಯಿಲ್ಲ. ಉಸುಕು ತೆಗೆಯಲು ಪರವಾನಗಿ ಕೊಡುವ ಮುಂಚೆ ನೀರಿನ ಮಟ್ಟ ಅಳೆಯುತ್ತಾರೆ, ಸೇತುವೆಯಿಂದ ಎಷ್ಟು ದೂರ ಎಂದು ಅಳೆಯುತ್ತಾರೆ. ಒಂದು ಮೀಟರ್ ಚೌಕದ ಉಸುಕನ್ನು ಜರಡಿ ಹಿಡಿದು ಅದರಲ್ಲಿ ಎಷ್ಟು ಎಳೆಯ ಸಿಂಪಿಗಳಿವೆ ಎಂದೂ ನೋಡಲಿ. ನಾನು ಕೇಳುವುದು ಒಂದು ಜರಡಿಯ ಕೆಲಸ.

ನೀರಿನ ಗುಣದ ವಿಷಯಕ್ಕೆ ಬಂದರೆ, ಎಳೆಯ ಸಿಂಪಿಗೆ ಅಮೋನಿಯಾ ಮತ್ತು ತಾಮ್ರ ಅತಿ ಕೆಟ್ಟವು. ಮೀನು ತಡೆದುಕೊಳ್ಳುವಷ್ಟು ಅಮೋನಿಯಾದಲ್ಲಿ ಸಿಂಪಿಯ ಮರಿ ಸಾಯಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರಲ್ಲಿ ಸಿಂಪಿಗಳ ಮೇಲಿನ ಪರೀಕ್ಷೆಗಳನ್ನು ಗಣಿಸಿ ಅಮೋನಿಯಾದ ಮಿತಿಯನ್ನು ಮತ್ತಷ್ಟು ಬಿಗಿ ಮಾಡಿತು. ನಮ್ಮ ಹೊಲಗಳಿಂದ ಯೂರಿಯಾ ತೊಳೆದು ಬರುತ್ತದೆ, ಊರುಗಳಿಂದ ಗಟಾರ ಬರುತ್ತದೆ, ಬೆಳಗಾವಿಯ ಕೊಳೆ ಹೊತ್ತು ಬಳ್ಳಾರಿ ನಾಲೆ ಹರಿಯುತ್ತದೆ. ನಮ್ಮ ಬಿಸಿ ನೀರಿನಲ್ಲಿ, ನಮ್ಮ ಸಿಂಪಿಯ ಮರಿ, ಎಷ್ಟು ಅಮೋನಿಯಾ ತಾಳುತ್ತದೆ? ಹೊರದೇಶದ ತಣ್ಣೀರಿನ ಅಂಕಿಯನ್ನು ತಂದು ಇಲ್ಲಿ ಹಚ್ಚಲಾಗದು. ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ.

ಸಿಂಪಿಯ ಸಂಶೋಧನೆ ಹಣದ ಆಸೆಯಿಂದ ಹುಟ್ಟಿದ ಒಂದು ಕಥೆಯನ್ನೂ ಹೇಳಬೇಕು. ಜರ್ಮನಿಯಿಂದ ಹೋದ ಬೆಪ್ಲ ಎಂಬ ಗುಂಡಿ ಮಾಡುವವನು 1891ರಲ್ಲಿ ಅಮೆರಿಕದ ಮಿಸಿಸಿಪ್ಪಿ ದಂಡೆಯ ಮಸ್ಕಟೀನ್ ಪಟ್ಟಣದಲ್ಲಿ ಸಿಂಪಿಯ ಚಿಪ್ಪು ಕೊರೆದು ಅಂಗಿಯ ಗುಂಡಿ ಮಾಡತೊಡಗಿದ. 1905ರ ಹೊತ್ತಿಗೆ ಆ ಒಂದು ಊರಿನಿಂದ ವರ್ಷಕ್ಕೆ 150 ಕೋಟಿ ಗುಂಡಿಗಳು ಹೊರಟವು. ನದಿ ಬರಿದಾಗುತ್ತ ಬಂತು. ಆಗ ಸರ್ಕಾರ ಫೇರ್‌ಪೋರ್ಟ್ ಎಂಬಲ್ಲಿ ಒಂದು ಜೀವಶಾಸ್ತ್ರ ಕೇಂದ್ರ ತೆರೆಯಲು ಒಪ್ಪಿತು. ಯಾವ ಸಿಂಪಿಗೆ ಯಾವ ಮೀನು ಎಂದು ಪಟ್ಟಿ ಮಾಡುವ ಕೆಲಸ ಅಲ್ಲಿ ಬೆಳೆಯಿತು. ಗುಂಡಿಯ ವ್ಯಾಪಾರ ಪ್ಲಾಸ್ಟಿಕ್ ಬಂದು ಸತ್ತಿತು, ಪಟ್ಟಿ ಉಳಿಯಿತು. ಅಷ್ಟೆಲ್ಲ ತಿಳಿದಿದ್ದೂ, ಅಣೆಕಟ್ಟು ಮತ್ತು ಕೊಳೆಯ ಮುಂದೆ ಅವರಿಗೆ ಎಲ್ಲವನ್ನೂ ಉಳಿಸಿಕೊಳ್ಳಲು ಆಗಲಿಲ್ಲ: 2023ರ ಅಕ್ಟೋಬರಿನಲ್ಲಿ ಅಮೆರಿಕ ಅಳಿದುಹೋದವೆಂದು ಘೋಷಿಸಿದ 21 ಜೀವಿಗಳಲ್ಲಿ 8 ಸಿಹಿನೀರಿನ ಸಿಂಪಿಗಳು.

ನಮ್ಮಲ್ಲಿ ಗುಂಡಿಯ ಬದಲು ಮುತ್ತು ಬಂದಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1987ರಿಂದ ಇದೇ ಲಾಮೆಲ್ಲಿಡೆನ್ಸ್ ಸಿಂಪಿಯಲ್ಲಿ ಮುತ್ತು ಬೆಳೆಸುವ ವಿಧಾನವನ್ನು ರೂಪಿಸಿತು. ಒಳ್ಳೆಯ ಕೆಲಸ. ಕೃಷಿಹೊಂಡದಲ್ಲಿ ಮುತ್ತು ಬೆಳೆಯಬೇಕೆಂಬ ಉತ್ಸಾಹದ ತರುಣರು ಈಗ ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಅವರಲ್ಲಿ ನನ್ನ ಒಂದು ಕೋರಿಕೆ: ಸಿಂಪಿಯನ್ನು ಹೊಳೆಯಿಂದ ಮೂಟೆಗಟ್ಟಲೆ ತರಿಸಬೇಡಿ. ತೊಟ್ಟಿಯಲ್ಲೇ ಮೀನಿನ ಮೇಲೆ ಮರಿ ಹತ್ತಿಸಿ ಸಿಂಪಿ ಬೆಳೆಸುವ ವಿಧಾನ ಕೈಗೂಡಿದರೆ ನಿಮ್ಮ ಕಸುಬೂ ಉಳಿಯುತ್ತದೆ, ಹೊಳೆಯೂ ಉಳಿಯುತ್ತದೆ. ಅಲ್ಲಿಯೂ ಮೊದಲು ಬೇಕಾದದ್ದು ಆ ಮೀನಿನ ಹೆಸರೇ.

ನಮ್ಮ ಸೀಮೆಯ ಸಿಂಪಿಗಳನ್ನು ಕಣ್ಣಿಟ್ಟು ನೋಡಿದವರು ಹಿಂದೆ ಇರಲಿಲ್ಲವೆಂದಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಸರ್ವೇ ಮಾಡಿದ. ಗೋಕಾಕದ ಹತ್ತಿರ ಹಳ್ಳದ ಮಣ್ಣಿನಲ್ಲಿ ಅವನಿಗೆ ಘೇಂಡಾಮೃಗದ ಎಲುಬುಗಳು ಸಿಕ್ಕವು. 1874ರಲ್ಲಿ ಅದನ್ನು ದಖನ್ನಿನ ಹೆಸರಿನಲ್ಲೇ ಹೊಸ ಜಾತಿಯಾಗಿ ಪ್ರಕಟಿಸಿದ. 1876ರಲ್ಲಿ ಥಿಯೋಬಾಲ್ಡ್ ಎಂಬ ವಿದ್ವಾಂಸ ಕೃಷ್ಣಾ ಕೊಳ್ಳದ ಒಂದು ಸಿಂಪಿಗೆ ಫೂಟನ ಹೆಸರನ್ನೇ ಇಟ್ಟ. ಇಂದು ಅದನ್ನು ಆರ್ಸಿಡಾಪ್ಸಿಸ್ ಫೂಟಿ ಎನ್ನುತ್ತಾರೆ. ಕೃಷ್ಣೆ ಮತ್ತು ಅವಳ ಉಪನದಿಗಳಿಗೆ ಸೇರಿದ ಸಿಂಪಿ ಅದು, ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಘೇಂಡಾಮೃಗ ನಮ್ಮ ಹೊಳೆಯ ದಂಡೆಯಿಂದ ಯಾವಾಗಲೋ ಹೋಯಿತು. ಫೂಟನ ಸಿಂಪಿ ನಮ್ಮ ಕಣ್ಣೆದುರಿನ ಕಾಲದಲ್ಲಿದೆ. ಅದರ ಅಕ್ಕನಂತೆ ಭದ್ರಾ ನದಿಯ ಬಂಡೆಗೆ ಅಂಟಿಕೊಂಡು ಬದುಕುವ ಸ್ಯೂಡೋಮುಲ್ಲೇರಿಯಾ ಡಾಲಿಯೈ ಕೂಡ ಅಳಿವಿನ ಅಂಚಿನಲ್ಲಿದೆ. ಅದು 1898ರಲ್ಲಿ ಹೆಸರು ಪಡೆದ ನಮ್ಮ ರಾಜ್ಯದ ಅಪರೂಪದ ಜೀವ.

ಒಂದು ಹೊಳೆಗೆ ಎರಡು ಥರದ ಭಾಗ್ಯ ಹೇಗೆ ಇರುತ್ತದೆ ಎಂಬುದಕ್ಕೆ ಹಿರಣ್ಯಕೇಶಿಯನ್ನು ನೋಡಿ. ಅವಳು ಹುಟ್ಟುವ ಅಂಬೋಲಿಯಲ್ಲಿ, ಗುಡಿಯ ಮುಂದಿನ ನೀರಿನಲ್ಲಿ, 2020ರಲ್ಲಿ ಒಂದು ಪುಟ್ಟ ಹೊಸ ಮೀನನ್ನು ವಿಜ್ಞಾನಿಗಳು ವರ್ಣಿಸಿ ಹೊಳೆಯ ಹೆಸರನ್ನೇ ಇಟ್ಟರು, ಶಿಸ್ಟುರಾ ಹಿರಣ್ಯಕೇಶಿ ಎಂದು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿತು. ಅದೇ ನೀರು ಇಳಿದು ಸಂಕೇಶ್ವರಕ್ಕೆ ಬಂದು, ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಸೇರುತ್ತದೆ. ಬೆರಳುದ್ದದ ಮೀನಿಗೆ ಅಲ್ಲಿ ಸಿಕ್ಕ ಮಾನದಲ್ಲಿ ಕಾಲುಪಾಲಾದರೂ ಇಲ್ಲಿಯ ಸಿಂಪಿಗೆ ಸಿಗಲಿ ಎಂದು ನನ್ನ ಮನಸ್ಸು ಹಂಬಲಿಸುತ್ತದೆ.

ಸುಣಧೋಳಿಯಿಂದ ಮರಳುವಾಗ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬ ಹಿರಿಯ ಅಂಬಿಗರ ಪಕ್ಕ ಕುಳಿತೆ. ಸಿಂಪಿಯ ಮಾತು ತೆಗೆದೆ. ಮೀನಿನ ಕಥೆ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಆಮೇಲೆ ಅಂದರು: "ಹೌದರಿ ಯಪ್ಪಾ, ಕೆಲವು ಮೀನಿನ ಕಿವಿರಿನಾಗ ಉಪ್ಪಿನ ಹಳ್ಳಿನಂಗ ಬಿಳಿ ಚುಕ್ಕಿ ಇರತಾವ. ನಾವು ಜಡ್ಡು ಅಂತ ತಿಳಕೊಂಡು ಕಿತ್ತು ಒಗೀತಿದ್ವಿ." ಯಾವ ಮೀನು ಎಂದೆ. ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. "ಈಗ ನೆನಪಿಲ್ಲರಿ. ಅದನ್ನ ಯಾರೂ ಕೇಳಿರಲಿಲ್ಲ."

ಆ ಚುಕ್ಕಿ ಸಿಂಪಿಯ ಮರಿಯೇ ಇರಬೇಕೆಂದಿಲ್ಲ, ಬೇರೆ ಪರೋಪಜೀವಿಯೂ ಇರಬಹುದು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎರಡು ಕವಾಟ ಕಾಣುತ್ತವೋ ಇಲ್ಲವೋ ನೋಡಬೇಕು. ಮುಂದಿನ ವಾರ ಹೋದಾಗ ಸ್ಪಿರಿಟ್ ತುಂಬಿದ ಆರು ಚಿಕ್ಕ ಬಾಟಲಿ, ಒಂದು ಪೆನ್ಸಿಲ್, ಅಂಟಿಸುವ ಚೀಟಿಗಳನ್ನು ಕೊಟ್ಟು ಬಂದೆ. ಚುಕ್ಕಿ ಕಂಡರೆ ಕಿವಿರನ್ನು ಬಾಟಲಿಗೆ ಹಾಕಿ, ಮೀನಿನ ಹೆಸರು, ಮಡುವಿನ ಹೆಸರು, ತಾರೀಖು ಬರೆಯಬೇಕು. ಅವರಿಗೆ ಓದು ಬಾರದು. ಬರೆಯುವುದು ಎಂಟನೆಯ ಇಯತ್ತೆಯಲ್ಲಿ ಓದುವ ಅವರ ಮೊಮ್ಮಗಳು. ಮೊದಲ ಚೀಟಿಯ ಮೇಲೆ ಅವಳು ಆಗಲೇ ತನ್ನ ಹೆಸರು ಬರೆದುಕೊಂಡಿದ್ದಳು.